ಹಳೆಯ ನಗೆಚಿತ್ರ ನೋಡಿದವರ ಅಭಿಪ್ರಾಯ ಕೇಳುವುದು ಹೇಗೆ, ಓದುವುದು ಹೇಗೆ

ಮನೆಮಂದಿಯೆಲ್ಲ ಕೂತು ನೋಡುವಂಥ ಹಳೆಯ ಕಾಮಿಡಿ ಸಿನಿಮಾ ಮುಗಿದ ಮೇಲೆ "ಹೇಗಿತ್ತು?" ಎಂದು ಕೇಳಿ ನೋಡಿ. "ಚೆನ್ನಾಗಿತ್ತು" ಎನ್ನುತ್ತಾರೆ. ಹೊಟ್ಟೆ ಹಿಡಿದುಕೊಂಡು ನಕ್ಕವರೂ ಅದನ್ನೇ ಹೇಳುತ್ತಾರೆ, ಅರ್ಧ ಸಿನಿಮಾ ತೂಕಡಿಸಿದವರೂ ಅದನ್ನೇ ಹೇಳುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಕೇಳಿದ ಪ್ರಶ್ನೆಯೇ ಹಾಗಿದೆ.

ನಾವು ಕೆಲವರು ಸೇರಿ ಹಳೆಯ ನಗೆಚಿತ್ರಗಳನ್ನು ತೋರಿಸುತ್ತಾ ಬಂದಿದ್ದೇವೆ. ಪ್ರೊಜೆಕ್ಟರ್ ನೋಡಿಕೊಳ್ಳುವವರು ಒಬ್ಬರು, ಕುರ್ಚಿ ಹಾಕುವವರು ಇನ್ನೊಬ್ಬರು. ನೋಡಿದವರ ಮಾತು ಕೇಳಿ ಬರೆದಿಡುವ ಕೆಲಸ ನನ್ನದು. ಆ ಚೀಟಿಗಳೆಲ್ಲ ಒಂದು ರಟ್ಟಿನ ಡಬ್ಬಿಯಲ್ಲಿವೆ. ಅವನ್ನು ಓದುತ್ತಾ ಓದುತ್ತಾ ನನಗೆ ಗಟ್ಟಿಯಾದ ನಂಬಿಕೆ ಒಂದೇ. ನಗೆಚಿತ್ರದ ಬಗ್ಗೆ ಒಬ್ಬರು ಹೇಳಿದ ಮಾತು ಅರ್ಥವಾಗಬೇಕಾದರೆ, ಅವರು ಎಲ್ಲಿ ನಕ್ಕರು, ಯಾರ ಪಕ್ಕ ಕೂತು ನಕ್ಕರು ಎಂದು ಗೊತ್ತಿರಬೇಕು. ಅದು ಗೊತ್ತಿಲ್ಲದಿದ್ದರೆ ಹೊಗಳಿಕೆಯೂ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ, ತೆಗಳಿಕೆಯೂ ಬರುವುದಿಲ್ಲ. ನೀವೂ ಮನೆಯಲ್ಲೋ ಶಾಲೆಯಲ್ಲೋ ಗೆಳೆಯರ ನಡುವೆಯೋ ಇಂಥ ಸಿನಿಮಾ ಹಾಕುವವರಾದರೆ, ನಾನು ಮಾಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಬರೆಯುವುದು ಮೊದಲು, ಮಾತು ಆಮೇಲೆ

ಸಿನಿಮಾ ಮುಗಿದ ತಕ್ಷಣ ಚೀಟಿ ಮತ್ತು ಪೆನ್ಸಿಲ್ ಹಂಚಿಬಿಡಿ. ಜನ ಎದ್ದು ಗುಂಪುಗೂಡಿ ಮಾತಿಗೆ ಶುರು ಮಾಡುವುದರೊಳಗೆ ಇದು ಆಗಬೇಕು. ಗುಂಪಿನಲ್ಲಿ ಯಾರೋ ಒಬ್ಬರು, ಸಾಮಾನ್ಯವಾಗಿ ಗಟ್ಟಿ ದನಿಯವರು, "ಅಬ್ಬಾ, ಇಂಥ ಸಿನಿಮಾ ಈಗ ಯಾರು ಮಾಡ್ತಾರೆ!" ಎಂದರೆ ಸಾಕು. ಉಳಿದವರ ಅಭಿಪ್ರಾಯ ಅಲ್ಲಿಗೇ ವಾಲುತ್ತದೆ. ಪಕ್ಕದಲ್ಲಿ ಸುಮ್ಮನೆ ಕೂತಿದ್ದ ಹುಡುಗಿಗೆ ಸಿನಿಮಾ ಬೇಸರ ಬಂದಿದ್ದರೂ ಅವಳು ತಲೆಯಾಡಿಸುತ್ತಾಳೆ.

ಇದು ನನ್ನ ಊಹೆ ಮಾತ್ರ ಅಲ್ಲ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಲೆವ್ ಮುಚ್ನಿಕ್, ಸಿನಾನ್ ಅರಲ್, ಶಾನ್ ಟೇಲರ್ ಎಂಬ ಮೂವರು ಒಂದು ಪ್ರಯೋಗದ ಫಲಿತಾಂಶ ಬರೆದರು. ಒಂದು ಜಾಲತಾಣದಲ್ಲಿ ಜನ ಬರೆದ ಕಾಮೆಂಟುಗಳಲ್ಲಿ ಕೆಲವನ್ನು ಲಾಟರಿಯಂತೆ ಆರಿಸಿ, ಶುರುವಿನಲ್ಲೇ ಒಂದು ಮೆಚ್ಚುಗೆಯ ಓಟು ಹಾಕಿಟ್ಟರು. ಹಾಗೆ ಮಾಡಿದ ಕಾಮೆಂಟುಗಳಿಗೆ ಕೊನೆಯಲ್ಲಿ ಸರಾಸರಿ ಶೇಕಡಾ 25ರಷ್ಟು ಹೆಚ್ಚು ಅಂಕ ಬಂತು. ಮೊದಲ ಒಂದೇ ಓಟಿಗೆ ಅಷ್ಟು ಬಲ. ಸಿನಿಮಾ ಮುಗಿದಾಗ ಕೇಳುವ ಮೊದಲ ಮಾತಿಗೂ ಅಂಥದ್ದೇ ಬಲ ಇದೆ ಎಂದು ನನಗೆ ಅನ್ನಿಸುತ್ತದೆ. ಅದಕ್ಕೇ ಚೀಟಿ ಮೊದಲು.

ಚೀಟಿಯಲ್ಲಿ ಹೆಸರು ಕೇಳಬೇಡಿ. ವಯಸ್ಸು ಕೇಳಿ, ಮೊದಲ ಸಲ ನೋಡಿದ್ದೋ ಮತ್ತೆ ನೋಡಿದ್ದೋ ಕೇಳಿ, ಯಾರ ಜೊತೆ ಬಂದಿರಿ ಎಂದು ಕೇಳಿ. ಬರೆಯಲು ಬಾರದವರು, ಕಣ್ಣು ಮಂಜಾದ ಹಿರಿಯರು, ಪುಟ್ಟ ಮಕ್ಕಳು ಇದ್ದರೆ ಪಕ್ಕದಲ್ಲಿ ಕೂತು ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಿ. ತಿದ್ದಬೇಡಿ. "ಆ ದಪ್ಪ ಮಾಮ ಬಾಗಿಲಿಗೆ ಡಿಕ್ಕಿ ಹೊಡೆದಿದ್ದು" ಎಂದು ಮಗು ಹೇಳಿದರೆ ಹಾಗೇ ಇರಲಿ.

ಏನು ಕೇಳಬೇಕು

ನನ್ನ ಚೀಟಿಯ ಮೊದಲ ಪ್ರಶ್ನೆ: "ಜೋರಾಗಿ ನಗು ಬಂದಿದ್ದು ಎಲ್ಲಿ? ಅಲ್ಲಿ ಏನಾಯಿತು ಅಂತ ಬರೆಯಿರಿ." ದೃಶ್ಯ ಯಾವುದು ಎಂದಷ್ಟೇ ಕೇಳಿದರೆ "ಮದುವೆ ಸೀನ್" ಎಂದು ಬರೆದು ಮುಗಿಸುತ್ತಾರೆ. ಏನಾಯಿತು ಎಂದು ಕೇಳಿದರೆ ಒಬ್ಬರು ಜಾರಿ ಬಿದ್ದವನ ಬಗ್ಗೆ ಬರೆಯುತ್ತಾರೆ, ಇನ್ನೊಬ್ಬರು ಅದನ್ನು ನೋಡುತ್ತಾ ನಿಂತ ಅಮ್ಮನ ಮುಖದ ಬಗ್ಗೆ ಬರೆಯುತ್ತಾರೆ. ಒಂದೇ ದೃಶ್ಯಕ್ಕೆ ಇಬ್ಬರು ಎರಡು ಕಾರಣಕ್ಕೆ ನಕ್ಕಿರುತ್ತಾರೆ. ನನಗೆ ಇಡೀ ಕೆಲಸದಲ್ಲಿ ಅತಿ ಖುಷಿ ಕೊಡುವ ಜಾಗ ಇದು.

ಎರಡನೆಯದು: "ಯಾವಾಗ ಗಡಿಯಾರವನ್ನೋ ಫೋನನ್ನೋ ನೋಡಿದಿರಿ?" ಬೇಸರ ಆಯಿತಾ ಎಂದು ನೇರವಾಗಿ ಕೇಳಿದರೆ ಜನ ಸಂಕೋಚದಿಂದ ಇಲ್ಲ ಎನ್ನುತ್ತಾರೆ. ಸಿನಿಮಾ ಹಾಕಿದವರ ಮನಸ್ಸಿಗೆ ನೋವಾಗಬಾರದಲ್ವಾ. ಗಡಿಯಾರದ ಪ್ರಶ್ನೆಗೆ ಮಾತ್ರ ನಿಜ ಹೇಳುತ್ತಾರೆ.

ಮೂರನೆಯದು ನಡುಭಾಗದ ಬಗ್ಗೆ. ಇದಕ್ಕೆ ಕಾರಣ ಇದೆ. ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಫ್ರೆಡ್ರಿಕ್‌ಸನ್ ಮತ್ತು ಡೇನಿಯಲ್ ಕಾಹ್ನೆಮನ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಚಿಕ್ಕ ಚಿಕ್ಕ ಸಿನಿಮಾ ತುಣುಕುಗಳನ್ನು ತೋರಿಸಿದ್ದರು. ನೋಡಿ ಮುಗಿಸಿದ ಮೇಲೆ ಜನ ಕೊಟ್ಟ ಒಟ್ಟು ಅಭಿಪ್ರಾಯವನ್ನು ಹೆಚ್ಚಾಗಿ ತೀರ್ಮಾನಿಸಿದ್ದು ಅತಿ ತೀವ್ರವಾದ ಕ್ಷಣ ಮತ್ತು ಕೊನೆಯ ಕ್ಷಣ. ತುಣುಕು ಎಷ್ಟು ಹೊತ್ತಿತ್ತು ಎಂಬುದು ಹೆಚ್ಚೇನೂ ಲೆಕ್ಕಕ್ಕೆ ಬರಲಿಲ್ಲ. ಮನೆಮಂದಿಯ ನಗೆಚಿತ್ರಗಳಲ್ಲಿ ಕೊನೆಗೆ ಎಲ್ಲರೂ ಒಂದಾಗುತ್ತಾರೆ, ಗೊಂದಲವೆಲ್ಲ ಬಿಡಿಸಿಕೊಳ್ಳುತ್ತದೆ, ನಗುನಗುತ್ತಾ ಮುಗಿಯುತ್ತದೆ. ಆ ಖುಷಿಯಲ್ಲಿ ನಡುವಿನ ಎಳೆದಾಟ ಮರೆತೇ ಹೋಗುತ್ತದೆ. ಹಾಗಾಗಿ ನಾನು ಕಥೆಯ ನಡುವಿನ ಒಂದು ಘಟನೆಯನ್ನು ಹೆಸರಿಸಿ, "ಅದು ನಿಮಗೆ ಹೇಗನ್ನಿಸಿತು?" ಎಂದು ಬೇರೆಯಾಗಿ ಕೇಳುತ್ತೇನೆ.

ಕೊನೆಯ ಪ್ರಶ್ನೆ: "ಇದನ್ನು ಯಾರಿಗೆ ತೋರಿಸಬೇಕು ಅನ್ನಿಸಿತು? ಯಾರಿಗೆ ಬೇಡ?" ಈ "ಯಾರಿಗೆ ಬೇಡ" ಎಂಬುದನ್ನು ಬಿಡಬೇಡಿ. ಅಲ್ಲಿ ಬರುವ ಉತ್ತರಗಳ ಬಗ್ಗೆ ಮುಂದೆ ಹೇಳುತ್ತೇನೆ.

ಇಷ್ಟು ಸಾಕು. ಪ್ರಶ್ನೆ ಜಾಸ್ತಿಯಾದರೆ ಜನ ಪರೀಕ್ಷೆ ಬರೆಯುವಂತೆ ಬರೆಯುತ್ತಾರೆ.

"ತುಂಬಾ ನಿಧಾನ" ಎಂದವರನ್ನು ಒಂಟಿಯಾಗಿ ನೋಡಿದಿರಾ ಎಂದು ಕೇಳಿ

ಹಳೆಯ ನಗೆಚಿತ್ರಗಳ ಬಗ್ಗೆ ನಾನು ಮತ್ತೆ ಮತ್ತೆ ಕೇಳುವ ದೂರು ಇದು. "ನಿಧಾನ", "ಎಳೀತಾರೆ", "ಡೈಲಾಗ್ ಆದ ಮೇಲೆ ಸುಮ್ನೆ ನಿಂತಿರ್ತಾರೆ." ಈ ಕೊನೆಯ ಮಾತನ್ನು ಗಮನಿಸಿ. ಅವರು ಸುಮ್ಮನೆ ನಿಂತಿಲ್ಲ. ನಮ್ಮ ನಗು ಮುಗಿಯಲಿ ಎಂದು ಕಾಯುತ್ತಿದ್ದಾರೆ.

ಆ ಕಾಲದವರು ತುಂಬಿದ ಥಿಯೇಟರಿಗಾಗಿ ಸಿನಿಮಾ ಮಾಡುತ್ತಿದ್ದರು. ಅಮೆರಿಕದ ಹಾಸ್ಯನಟರಾದ ಮಾರ್ಕ್ಸ್ ಸಹೋದರರ 'ಎ ನೈಟ್ ಅಟ್ ದಿ ಒಪೆರಾ' (1935) ಚಿತ್ರೀಕರಣ ಆಗುವ ಮೊದಲು ಅದರ ಹಾಸ್ಯ ದೃಶ್ಯಗಳನ್ನು ಊರೂರಿನ ರಂಗಮಂದಿರಗಳಲ್ಲಿ ಜನರ ಮುಂದೆ ಆಡಿ ತೋರಿಸಿದ್ದರು. ಯಾವ ಮಾತಿಗೆ ನಗು ಬರುತ್ತದೆ, ಎಷ್ಟು ಹೊತ್ತು ಬರುತ್ತದೆ ಎಂದು ನೋಡಿಕೊಂಡು ಆಮೇಲೆ ಕ್ಯಾಮೆರಾ ಮುಂದೆ ನಿಂತರು. ನಿರ್ದೇಶಕ ಬಿಲ್ಲಿ ವೈಲ್ಡರ್ 'ಸಮ್ ಲೈಕ್ ಇಟ್ ಹಾಟ್' (1959) ಚಿತ್ರದಲ್ಲಿ ಇದಕ್ಕೆ ಬೇರೆ ಉಪಾಯ ಹುಡುಕಿದರು. ನಟ ಜ್ಯಾಕ್ ಲೆಮನ್‌ನ ಪಾತ್ರ ತನ್ನ ಮದುವೆ ಗೊತ್ತಾಯಿತು ಎಂದು ಗೆಳೆಯನಿಗೆ ಹೇಳುವ ದೃಶ್ಯ ಅದು. ಒಂದು ಮಾತಿಗೆ ಜನ ನಗುತ್ತಿರುವಾಗ ಮುಂದಿನ ಮಾತು ಆ ಗದ್ದಲದಲ್ಲಿ ಮುಳುಗಿಹೋಗಬಾರದು. ಅದಕ್ಕೆ ಲೆಮನ್ ಕೈಗೆ ಮರಾಕಾ ಎಂಬ ಗಿಲಕಿ ಕೊಟ್ಟರು. ಒಂದು ಮಾತು, ಸ್ವಲ್ಪ ಗಿಲಕಿ, ಕುಣಿತ, ಮತ್ತೆ ಇನ್ನೊಂದು ಮಾತು. ಥಿಯೇಟರಿನಲ್ಲಿ ಆ ಗಿಲಕಿಯ ಹೊತ್ತು ನಗುವಿನಿಂದ ತುಂಬುತ್ತದೆ. ಒಬ್ಬರೇ ಮೊಬೈಲಿನಲ್ಲಿ ನೋಡಿದರೆ ಅದೇ ಹೊತ್ತು ಖಾಲಿ ಅನ್ನಿಸಬಹುದು.

ನಗುವೇ ಹಾಗೆ. ನಗುವನ್ನು ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್, ವಿದ್ಯಾರ್ಥಿಗಳಿಗೆ ತಮ್ಮ ನಗುವಿನ ಲೆಕ್ಕವನ್ನು ಬರೆದಿಡಲು ಹೇಳಿದ್ದರು. ಟಿವಿ, ರೇಡಿಯೊಗಳಂಥದ್ದು ಇಲ್ಲದ ಹೊತ್ತನ್ನು ನೋಡಿದರೆ, ಜನ ಒಬ್ಬರೇ ಇದ್ದಾಗಿನದಕ್ಕಿಂತ ಬೇರೆಯವರ ಜೊತೆ ಇದ್ದಾಗ ಸುಮಾರು 30 ಪಟ್ಟು ಹೆಚ್ಚು ನಗುತ್ತಿದ್ದರು.

ಆದ್ದರಿಂದ ನನ್ನ ಕ್ರಮ ಹೀಗೆ. ಒಂಟಿಯಾಗಿ ನೋಡಿದವರ ಚೀಟಿಗೂ ಗುಂಪಿನಲ್ಲಿ ನೋಡಿದವರ ಚೀಟಿಗೂ ಬೇರೆ ಬೇರೆ ಕಟ್ಟು. ಎರಡನ್ನೂ ಒಂದೇ ರಾಶಿಗೆ ಹಾಕಿ ಓದಿದರೆ ಒಂದೇ ಸಿನಿಮಾ ಬಗ್ಗೆ ಮಾತಾಡುತ್ತಿದ್ದಾರಾ ಎಂದು ಅನುಮಾನ ಬರುತ್ತದೆ. ಗುಂಪಿನಲ್ಲಿ ಕೂತು ನೋಡಿದವರೂ "ನಿಧಾನ" ಎಂದರೆ ಆಗ ಆ ಮಾತಿಗೆ ಪೂರ್ತಿ ಬೆಲೆ ಕೊಡಿ. ನಗುವಿಗೆಂದು ಬಿಟ್ಟ ಜಾಗದಲ್ಲಿ ನಗು ಬರಲಿಲ್ಲ ಎಂದರೆ ಆ ಹಾಸ್ಯ ಇವರ ಮಟ್ಟಿಗೆ ಕೆಲಸ ಮಾಡಲಿಲ್ಲ ಎಂದೇ ಅರ್ಥ.

ಯಾವ ಪ್ರತಿ ನೋಡಿದರು?

ಇದನ್ನು ಕೇಳುವವರು ಕಡಿಮೆ. ಕೇಳಲೇಬೇಕು. ಹಳೆಯ ಸಿನಿಮಾಗಳ ಹತ್ತಾರು ಪ್ರತಿಗಳು ಓಡಾಡುತ್ತಿರುತ್ತವೆ. ಚೊಕ್ಕ ಮಾಡಿ ಸರಿಪಡಿಸಿದ್ದು ಒಂದು, ಮಸುಕಾಗಿ ಗೀರು ಬಿದ್ದದ್ದು ಇನ್ನೊಂದು. ಕಪ್ಪು ಬಿಳುಪಿಗೆ ಆಮೇಲೆ ಬಣ್ಣ ತುಂಬಿದ್ದೂ ಇರುತ್ತದೆ. ಟಿವಿಗಾಗಿ ಕತ್ತರಿಸಿದ್ದೂ ಇರುತ್ತದೆ. ಹಳೆಯ ಚಿತ್ರದ ಚೌಕಟ್ಟು ಹೆಚ್ಚುಕಮ್ಮಿ ಚೌಕಾಕಾರ. ಅದನ್ನು ಅಗಲ ಪರದೆಗೆ ಹಿಗ್ಗಿಸಿದರೆ ಎಲ್ಲರೂ ದಪ್ಪಗೆ ಕಾಣುತ್ತಾರೆ. ಮೇಲೆ ಕೆಳಗೆ ಕತ್ತರಿಸಿದರೆ ಕಾಲು ಕಾಣುವುದಿಲ್ಲ. ಕಾಲು ಕಾಣದಿದ್ದರೆ ಎಡವಿ ಬೀಳುವ ಹಾಸ್ಯವೇ ಹೋಯಿತು.

ಮೂಕಿ ಚಿತ್ರಗಳಲ್ಲಿ ವೇಗದ ತೊಂದರೆಯೂ ಇದೆ. ಆಗ ಕ್ಯಾಮೆರಾ ಓಡುತ್ತಿದ್ದ ವೇಗ ಒಂದೇ ಸಮ ಇರಲಿಲ್ಲ. ಆಮೇಲೆ ಬಂದ ಸೆಕೆಂಡಿಗೆ 24 ಚೌಕಟ್ಟಿನ (ಫ್ರೇಮಿನ) ವೇಗದಲ್ಲಿ ಅವನ್ನು ಓಡಿಸಿದರೆ ಎಷ್ಟೋ ಚಿತ್ರಗಳಲ್ಲಿ ಜನ ಗೊಂಬೆಗಳಂತೆ ದಡಬಡ ಓಡಾಡುತ್ತಾರೆ. "ಬರೀ ಓಡಾಟ, ಏನೂ ತಿಳಿಯಲಿಲ್ಲ" ಎಂದು ಯಾರಾದರೂ ಬರೆದರೆ ಸಿನಿಮಾವನ್ನು ದೂರುವ ಮೊದಲು ಪ್ರತಿಯನ್ನು ನೋಡಿ.

ಸಬ್‌ಟೈಟಲ್ ಓದುತ್ತಾ ನೋಡಿದವರು, ಡಬ್ಬಿಂಗ್ ಕೇಳಿದವರು, ಮೂಲ ಭಾಷೆಯಲ್ಲೇ ಕೇಳಿದವರು ಯಾರು ಯಾರು ಎಂಬುದನ್ನೂ ಗುರುತು ಹಾಕಿ. ಮಾತಿನ ಚಮತ್ಕಾರದಲ್ಲಿ ನಡೆಯುವ ಹಾಸ್ಯ ಸಬ್‌ಟೈಟಲಿನಲ್ಲಿ ಅರ್ಧಕ್ಕರ್ಧ ಸೋರಿಹೋಗುತ್ತದೆ. ಜೊತೆಗೆ ಓದುವವರು ನಟ ಮಾತು ಮುಗಿಸುವ ಮೊದಲೇ ಓದಿ ಮುಗಿಸಿ ಮೊದಲೇ ನಗುತ್ತಾರೆ. ಮುಖಚರ್ಯೆ, ಏಟು, ಅವಿತುಕೊಳ್ಳುವ ಆಟ, ಇಂಥವು ಮಾತ್ರ ಯಾವ ಭಾಷೆಯವರಿಗೂ ಹಾಗೇ ಸಿಗುತ್ತವೆ.

ನಕ್ಷತ್ರ, ಶೇಕಡಾ, ಅಂಕ

ನಾನು ಚೀಟಿಯಲ್ಲಿ ಅಂಕ ಕೇಳುವುದಿಲ್ಲ. ಕೇಳಿದರೆ ಜನ ಅಂಕ ಕೊಟ್ಟು ಮಾತು ನಿಲ್ಲಿಸುತ್ತಾರೆ. ಆದರೂ ಹೊರಗಿನ ಅಂಕಗಳನ್ನು ನೀವು ನೋಡಿಯೇ ನೋಡುತ್ತೀರಿ. ಅವನ್ನು ಸರಿಯಾಗಿ ಓದಿ.

ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮ್ಯಾಟೋಸ್‌ನ ವಿಮರ್ಶಕರ ಶೇಕಡಾವಾರು ಲೆಕ್ಕ ಅಂದರೆ ಪರೀಕ್ಷೆಯ ಅಂಕವಲ್ಲ. ಎಷ್ಟು ಜನ ವಿಮರ್ಶಕರು ಒಟ್ಟಾರೆ ಚೆನ್ನಾಗಿದೆ ಎಂದರು ಎಂಬ ಲೆಕ್ಕ. ಎಲ್ಲರೂ "ಪರವಾಗಿಲ್ಲ, ನೋಡಬಹುದು" ಎಂದರೂ ಅಲ್ಲಿ 100 ಬರುತ್ತದೆ. ಎಂಬತ್ತು ಜನ ಕುಣಿದಾಡಿ ಮೆಚ್ಚಿ, ಇಪ್ಪತ್ತು ಜನ ಬೇಡ ಎಂದರೆ 80. ಯಾವ ಸಿನಿಮಾ ಹೆಚ್ಚು ನಗಿಸಿತು ಎಂದು ಇದರಿಂದ ಹೇಳಲು ಆಗುವುದಿಲ್ಲ. ಸಿನಿಮಾ ಮಾಹಿತಿಯ ಜಾಲತಾಣ ಐಎಂಡಿಬಿ, ಸಿನಿಮಾ ನೋಡಿದವರಿಂದ 1ರಿಂದ 10ರವರೆಗೆ ಅಂಕ ತೆಗೆದುಕೊಳ್ಳುತ್ತದೆ, ಆದರೆ ತೋರಿಸುವುದು ನೇರ ಸರಾಸರಿಯನ್ನಲ್ಲ. ಕೆಲವು ಓಟುಗಳಿಗೆ ಹೆಚ್ಚು ತೂಕ, ಕೆಲವಕ್ಕೆ ಕಡಿಮೆ ತೂಕ ಕೊಟ್ಟು ಲೆಕ್ಕ ಹಾಕುತ್ತದೆ.

ಸರಾಸರಿಯ ಇನ್ನೊಂದು ತೊಂದರೆ ನಗೆಚಿತ್ರಗಳಲ್ಲಿ ಎದ್ದು ಕಾಣುತ್ತದೆ. ಹತ್ತು ಜನರಲ್ಲಿ ಐದು ಜನ 10 ಕೊಟ್ಟರು, ಐದು ಜನ 2 ಕೊಟ್ಟರು ಎಂದಿಟ್ಟುಕೊಳ್ಳಿ. ಸರಾಸರಿ 6. ಆದರೆ ಆ ಕೋಣೆಯಲ್ಲಿ 6 ಅನ್ನಿಸಿದವರು ಒಬ್ಬರೂ ಇಲ್ಲ. ನಗು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಹಳೆಯ ಕಾಮಿಡಿಗೆ ನಡುಗಟ್ಟಿನ ಅಂಕ ಕಂಡರೆ, ಅಂಕಗಳು ಹೇಗೆ ಹಂಚಿಹೋಗಿವೆ ಎಂದು ನೋಡಿ. ಎರಡು ತುದಿಯಲ್ಲಿ ಗುಡ್ಡೆ ಇದ್ದರೆ ಆ ಎರಡು ಗುಂಪು ಯಾರು ಎಂದು ಹುಡುಕಿ.

ಇನ್ನೊಂದು ಮಾತು. ದಶಕಗಳ ಹಿಂದಿನ ಸಿನಿಮಾವನ್ನು ಹುಡುಕಿಕೊಂಡು ಹೋಗಿ ನೋಡಿ ಅಂಕ ಕೊಡುವವರು ಬಹುಮಟ್ಟಿಗೆ ಅದನ್ನು ಮೊದಲೇ ಪ್ರೀತಿಸುವವರು. ಇಷ್ಟವಿಲ್ಲದವರು ಅದರ ತಂಟೆಗೇ ಬರುವುದಿಲ್ಲ. ಹೊಸ ಸಿನಿಮಾದ ಅಂಕವನ್ನೂ ಹಳೆಯದರ ಅಂಕವನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದು ಸರಿಯಲ್ಲ.

ನೆನಪನ್ನು ಬೇರೆ ಕಟ್ಟಿನಲ್ಲಿಡಿ

"ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೆ." "ಅಣ್ಣ, ನಾನು ಇದರ ಡೈಲಾಗ್ ಹೇಳಿಕೊಂಡು ಮನೆ ತುಂಬ ಓಡಾಡುತ್ತಿದ್ದೆವು." ಇಂಥ ಚೀಟಿಗಳು ನನಗೆ ತುಂಬಾ ಪ್ರೀತಿಯವು. ಆದರೆ ಇವು ಆ ಮನೆಯ ಬಗ್ಗೆ ಹೇಳುವಷ್ಟು ಸಿನಿಮಾದ ಬಗ್ಗೆ ಹೇಳುವುದಿಲ್ಲ. ಹಾಗೆಯೇ "ಈಗಿನ ಸಿನಿಮಾಗಳ ಹಾಗಲ್ಲ, ಎಷ್ಟು ನೀಟು" ಎಂಬ ಮಾತು. ಅದು ಈಗಿನ ಸಿನಿಮಾದ ಮೇಲಿನ ದೂರು. ಮುಂದೆ ಇರುವ ಸಿನಿಮಾ ಹೇಗಿದೆ ಎಂದು ಅದರಲ್ಲಿ ಇಲ್ಲ.

ಇಂಥವರಿಗೆ ಒಂದು ಪ್ರಶ್ನೆ ಹೆಚ್ಚು ಕೇಳಿ: "ಇವತ್ತು ನೋಡಿದಾಗ ಹೊಸದಾಗಿ ಕಂಡಿದ್ದೇನು?" ಉತ್ತರ ಚೆನ್ನಾಗಿ ಬರುತ್ತದೆ. ಚಿಕ್ಕಂದಿನಲ್ಲಿ ತುಂಟ ಹುಡುಗನ ಪಕ್ಷ ವಹಿಸಿ ನಕ್ಕವರು ಈಗ ಅವನ ಹಿಂದೆ ಓಡುವ ಅಪ್ಪನ ಪಕ್ಷ ವಹಿಸಿ ನಗುತ್ತಾರೆ. ಸಿನಿಮಾ ಅದೇ, ನಗುವ ಜಾಗ ಬದಲಾಗಿದೆ. ಮನೆಮಂದಿಯ ನಗೆಚಿತ್ರ ಇಷ್ಟು ವರ್ಷ ಬಾಳುವುದಕ್ಕೆ ಇದೊಂದು ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ. ಅದರಲ್ಲಿ ಪ್ರತಿ ವಯಸ್ಸಿನವರಿಗೂ ನಿಲ್ಲಲು ಒಂದು ಪಾತ್ರ ಇರುತ್ತದೆ.

ಮಕ್ಕಳ ಚೀಟಿಗಳನ್ನು ಕಡೆಗಣಿಸಬೇಡಿ. ಅವರಿಗೆ ಇದು "ಕ್ಲಾಸಿಕ್" ಎಂದು ಯಾರೂ ಹೇಳಿರುವುದಿಲ್ಲ. ಹೇಳಿದ್ದರೂ ಅವರು ಕೇಳುವುದಿಲ್ಲ.

ನಗು ಬಾರದವರ ಮಾತು

"ಯಾರಿಗೆ ಬೇಡ" ಎಂಬ ಪ್ರಶ್ನೆಗೆ ಬರುವ ಉತ್ತರಗಳನ್ನು ನಿಧಾನವಾಗಿ, ಮನಸ್ಸಿಟ್ಟು ಓದಿ. ಹಳೆಯ ಹಾಸ್ಯದಲ್ಲಿ ತೊದಲುವವರನ್ನು, ದಪ್ಪಗಿರುವವರನ್ನು, ಕಪ್ಪಗಿರುವವರನ್ನು, ಕೆಲಸದವರನ್ನು, ಹೆಂಡತಿಯನ್ನು ಆಡಿಕೊಳ್ಳುವುದು ಸಾಮಾನ್ಯ. ಮಗ ತೊದಲುತ್ತಾನೆ, ಅವನನ್ನು ಪಕ್ಕ ಕೂರಿಸಿಕೊಂಡು ಆ ಹತ್ತು ನಿಮಿಷ ಹೇಗೆ ಕಳೆದೆನೋ ನನಗೇ ಗೊತ್ತು ಎಂದು ಒಬ್ಬ ತಾಯಿ ಬರೆದಿದ್ದರು. ಸುತ್ತ ಎಲ್ಲರೂ ನಗುತ್ತಿದ್ದರು. ಆ ಒಂದು ಚೀಟಿಗೆ ಉಳಿದೆಲ್ಲ ಹೊಗಳಿಕೆಯಷ್ಟೇ ತೂಕ ಇದೆ.

"ಆ ಕಾಲ ಹಾಗಿತ್ತು" ಎಂದು ಹೇಳಿ ಇದನ್ನು ಬದಿಗೆ ಸರಿಸಬೇಡಿ. ಹಾಗೆಂದು ಇಡೀ ಸಿನಿಮಾ ಬೇಡ ಎಂದು ಬರೆಯುವುದೂ ಬೇಕಿಲ್ಲ. ಯಾವ ದೃಶ್ಯ, ಸುಮಾರು ಎಷ್ಟನೇ ನಿಮಿಷದಲ್ಲಿ, ಯಾರನ್ನು ಆಡಿಕೊಂಡಿದ್ದಾರೆ ಎಂದು ನೇರವಾಗಿ ಬರೆದಿಡಿ. ಮುಂದೆ ಮಕ್ಕಳ ಜೊತೆ ನೋಡುವವರಿಗೆ ತೀರ್ಮಾನ ಮಾಡಲು ಅಷ್ಟು ಸಾಕು.

ಮೊದಲು ನೋಡಿದವರು ಹೇಳಿದ್ದೇ ಕೊನೆಯ ಮಾತಲ್ಲ

ಅಭಿಪ್ರಾಯಕ್ಕೆ ಯಾವಾಗಲೂ ತಾರೀಕು ಹಾಕಿ ಎಂದು ನಾನು ಒತ್ತಿ ಹೇಳುತ್ತೇನೆ. ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್‌ನ 'ದಿ ಜನರಲ್' (1926) ಮೊದಲು ಬಂದಾಗ ಜನರೂ ಹೆಚ್ಚು ಬರಲಿಲ್ಲ, ವಿಮರ್ಶಕರಲ್ಲೂ ಹಲವರು ಮೆಚ್ಚಲಿಲ್ಲ. ಮುಖ್ಯವೆಂದು ಉಳಿಸಿಡಬೇಕಾದ ಚಿತ್ರಗಳ ಪಟ್ಟಿಯಾದ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆ ಪಟ್ಟಿ 1989ರಲ್ಲಿ ಶುರುವಾದಾಗ, ಮೊದಲ ವರ್ಷ ಆರಿಸಿದ 25 ಚಿತ್ರಗಳಲ್ಲಿ ಅದೂ ಒಂದು. ನಿರ್ದೇಶಕ ಹೋವರ್ಡ್ ಹಾಕ್ಸ್‌ರ 'ಬ್ರಿಂಗಿಂಗ್ ಅಪ್ ಬೇಬಿ' (1938) ಕೂಡ ಮೊದಲ ಬಿಡುಗಡೆಯಲ್ಲಿ ನಷ್ಟ ಮಾಡಿತು. 1990ರಲ್ಲಿ ಅದೂ ಆ ಪಟ್ಟಿ ಸೇರಿತು. ಎರಡರಲ್ಲೂ ಒಂದು ಚೌಕಟ್ಟೂ ಬದಲಾಗಿರಲಿಲ್ಲ. ಬದಲಾದದ್ದು ನೋಡುವವರು. ಇವತ್ತು ನಿಮ್ಮ ಕೋಣೆಯಲ್ಲಿ ಕೂತು ಮುಖ ಸಿಂಡರಿಸಿದವರ ಮಾತೂ, ಬಿದ್ದು ಬಿದ್ದು ನಕ್ಕವರ ಮಾತೂ ಈ ವರ್ಷದ ಮಾತು. ಹಾಗೆಂದೇ ಬರೆದಿಡಿ.

ಬೇರೆಯವರಿಗಾಗಿ ಬರೆಯುವಾಗ

ಚೀಟಿಗಳನ್ನು ಓದಿ ಒಂದು ಪುಟ ಬರೆದರೆ ಮುಂದಿನ ಸಲ ಸಿನಿಮಾ ಹಾಕುವವರಿಗೆ ಅನುಕೂಲ. ಮೊದಲು ಯಾರು ಯಾರು ನೋಡಿದರು, ಯಾವ ಪ್ರತಿ, ಒಟ್ಟಿಗೆ ಎಷ್ಟು ಜನ ಎಂದು ಬರೆಯಿರಿ. ಆಮೇಲೆ ಕೋಣೆಯೆಲ್ಲ ಒಟ್ಟಿಗೆ ನಕ್ಕ ಜಾಗಗಳು. ಇಲ್ಲಿ ಒಂದು ಎಚ್ಚರಿಕೆ: ಹಾಸ್ಯವನ್ನು ಬಿಚ್ಚಿಡಬೇಡಿ. "ಕಪಾಟಿನ ದೃಶ್ಯ" ಎಂದರೆ ಸಾಕು, ಕಪಾಟಿನಲ್ಲಿ ಯಾರಿದ್ದರು ಎಂದು ಹೇಳಬಾರದು. ಥ್ರಿಲ್ಲರ್ ಚಿತ್ರದ ಕೊಲೆಗಾರ ಯಾರೆಂದು ಹೇಳಿದರೂ ಆ ಸಿನಿಮಾ ಸ್ವಲ್ಪ ಉಳಿಯುತ್ತದೆ. ಹಾಸ್ಯದ ಗುಟ್ಟು ಮೊದಲೇ ಗೊತ್ತಾದರೆ ನಗುವೇ ಬರುವುದಿಲ್ಲ.

ಆಮೇಲೆ ಭಿನ್ನಾಭಿಪ್ರಾಯ. ಎರಡು ಗುಂಪು ಇದ್ದರೆ ಎರಡನ್ನೂ ಅವರವರ ಮಾತಿನಲ್ಲೇ ಹಾಕಿ. ನಡುವೆ ನೀವು ನ್ಯಾಯ ಹೇಳಲು ಹೋಗಬೇಡಿ. ನಿಮ್ಮ ಸ್ವಂತ ಅಭಿಪ್ರಾಯ ಇದ್ದರೆ "ನನಗೆ ಅನ್ನಿಸಿದ್ದು" ಎಂದು ಕೊನೆಯಲ್ಲಿ ಬೇರೆಯಾಗಿ ಬರೆಯಿರಿ. ಮಾತನ್ನು ಬಳಸುವ ಮೊದಲು ಹೇಳಿದವರ ಒಪ್ಪಿಗೆ ಕೇಳಿ. ಹೆಸರು ಬೇಡ, "ಹತ್ತು ವರ್ಷದ ಹುಡುಗಿ", "ಮೊದಲ ಸಲ ನೋಡಿದ ಅಜ್ಜ" ಎಂದರೆ ಓದುವವರಿಗೆ ಬೇಕಾದಷ್ಟು ತಿಳಿಯುತ್ತದೆ.

ಸಾಧ್ಯವಾದರೆ ಕೆಲವು ವಾರ ಬಿಟ್ಟು ಅದೇ ಜನರನ್ನು ಇನ್ನೊಮ್ಮೆ ಕೇಳಿ. ಆಗ ಉದ್ದದ ಚೀಟಿ ಬೇಡ, ಒಂದೇ ಪ್ರಶ್ನೆ: "ಆಮೇಲೆ ಯಾವಾಗಲಾದರೂ ಆ ಸಿನಿಮಾ ನೆನಪಾಗಿ ನಗು ಬಂತಾ?" ಅವತ್ತು ಹೊಟ್ಟೆ ಹಿಡಿದು ನಕ್ಕವರಲ್ಲಿ ಕೆಲವರಿಗೆ ಏನೂ ನೆನಪಿರುವುದಿಲ್ಲ. ಅವತ್ತು ತುಟಿ ಬಿಚ್ಚದೆ ಕೂತಿದ್ದವರು ಒಂದು ಸಣ್ಣ ನೋಟವನ್ನೋ ಅರ್ಧ ಮಾತನ್ನೋ ಹೇಳಿ, ಹೇಳುತ್ತಲೇ ನಗಲು ಶುರು ಮಾಡುತ್ತಾರೆ. ಈ ಉತ್ತರವನ್ನು ಹಳೆಯ ಚೀಟಿಯ ಹಿಂಬದಿಯಲ್ಲೇ ಬೇರೆ ಶಾಯಿಯಲ್ಲಿ, ಹೊಸ ತಾರೀಕು ಹಾಕಿ ಬರೆಯಿರಿ. ಎರಡೂ ಒಂದೇ ಕಡೆ ಇದ್ದರೆ ಓದುವಾಗ ಹುಡುಕಾಡಬೇಕಾಗಿಲ್ಲ.